ಬೆಳೆಯುವ ಮಚ್ಚೆಗಳು

ಶಹಾಪುರದಲ್ಲಿ ನಾನು ಚರ್ಮದ ಡಾಕ್ಟರು. ಮೈಮೇಲಿನ ಕಪ್ಪು ತೋರಿಸಲು ಯಾರಾದರೂ ಬರುತ್ತಲೇ ಇರುತ್ತಾರೆ. ನಗಬೇಕೋ ಬೆವರಬೇಕೋ ಎನ್ನುವುದು ಭೂತಗನ್ನಡಿ ಇಟ್ಟು ನೋಡುವ ತನಕ ನನಗೂ ಗೊತ್ತಾಗುವುದಿಲ್ಲ.

ಹೆಗಲ ಕಲೆ

ಸುರಪುರದ ಬಟ್ಟೆ ವ್ಯಾಪಾರಿಯೊಬ್ಬರನ್ನು ಅಳಿಯ ಕೈಹಿಡಿದು ಕರೆತಂದ. ಬೆಳಗ್ಗೆ ಹೆಗಲ ಹಿಂದೆ ಕರಿ ಕಲೆ ಕಂಡಿದೆ. ಕ್ಯಾನ್ಸರೇ ಎಂದು ನಂಬಿ, ದಾರಿಯಲ್ಲೇ ಅಂಗಡಿಯನ್ನು ಅಳಿಯನಿಗೆ ಒಪ್ಪಿಸಿಬಿಟ್ಟಿದ್ದಾರೆ. ಅಂಚು ನಿಜಕ್ಕೂ ಅಂಕುಡೊಂಕು. ಹತ್ತಿಯುಂಡೆಗೆ ಸ್ಪಿರಿಟ್ ಹಚ್ಚಿ ಒರೆಸಿದೆ. ಕಲೆ ಹತ್ತಿಗೆ ಬಂತು. ಮೊಮ್ಮಗಳ ಕೆನ್ನೆಯ ಕಾಡಿಗೆ ಬೊಟ್ಟು, ಎತ್ತಿಕೊಂಡಾಗ ಹತ್ತಿದ್ದು.

ಮಾವ ದೇವರಿಗೆ ಕೈಮುಗಿದರು. ಅಳಿಯ ಮೆಲ್ಲಗೆ ಅಂದ, "ಇನ್ನೊಮ್ಮಿ ಚಲೋತ್ನಾಗಿ ನೋಡ್ರಿ, ಡಾಕ್ಟರಮ್ಮ."

ಕರಿ ಉಗುರು

ಕಡೇಚೂರಿನ ಫ್ಯಾಕ್ಟರಿ ಕೆಲಸಗಾರನೊಬ್ಬ ಗೆಳೆಯನ ಜೊತೆ ಬಂದ. ಕಾಲ ಹೆಬ್ಬೆರಳ ಉಗುರಿನಡಿ ಕಪ್ಪು.

"ಏನರ ಬಿದ್ದಿತ್ತೇನಪ್ಪ?"

"ಏನೂ ಬಿದ್ದಿಲ್ರಿ."

ಏನೂ ಬೀಳದೆ ಕಪ್ಪಾದ ಉಗುರೆಂದರೆ ನನಗೆ ದಿಗಿಲು, ಅದರಡಿಯೂ ಕ್ಯಾನ್ಸರ್ ಹುಟ್ಟಬಹುದು. ತಿಂಗಳು ಬಿಟ್ಟು ಬಾ ಎಂದೆ. ಒಬ್ಬನೇ ಬಂದ. ಕಪ್ಪು ಮುಂದೆ ಸರಿದು, ಬುಡದಲ್ಲಿ ಬಿಳಿ ಉಗುರು ಬಂದಿತ್ತು. ಹೆಪ್ಪುಗಟ್ಟಿದ ರಕ್ತ, ಅಷ್ಟೆ. ಹಾಗಾದರೆ ಏನೋ ಬಿದ್ದಿರಲೇಬೇಕಲ್ಲ ಎಂದೆ.

"ರುಬ್ಬೋ ಗುಂಡು ಬಿದ್ದಿತ್ರಿ. ಮನ್ಯಾಗ ಚಟ್ನಿ ನಾನೇ ರುಬ್ಬತೀನಿ. ಗೆಳ್ಯಾನ ಮುಂದ ಹೆಂಗ್ ಹೇಳ್ಲಿ?"

ಅಂಗಾಲು

ರಾಮಸಮುದ್ರದ ಶಾಲೆಯ ಟೀಚರಮ್ಮ ಕೂದಲು ಉದುರುತ್ತವೆಂದು ಬಂದಿದ್ದರು. ರೂಢಿಯಂತೆ ಅಂಗಾಲನ್ನೂ ನೋಡಿದೆ. ಹಿಮ್ಮಡಿಯಲ್ಲೊಂದು ಮಚ್ಚೆ: ಒಂದು ಅರ್ಧದಂತೆ ಇನ್ನೊಂದಿಲ್ಲ, ಅಂಚು ಹರಿದಂತಿದೆ, ಕಂದು ಬಣ್ಣದೊಳಗೆ ಕಪ್ಪು ಬೆರೆತಿದೆ.

"ಅದು ಅದೃಷ್ಟದ ಮಚ್ಚಿ ಬಿಡ್ರಿ. ಹೋದ ವರ್ಷ ಸಾಸಿವಿಯಷ್ಟಿತ್ತು, ಈಗ ಕಡ್ಲಿಯಷ್ಟಾಗೇತಿ," ಎಂದು ನಕ್ಕರು.

ನನಗೆ ನಗು ಬರಲಿಲ್ಲ. ಅಂದೇ ಕಲಬುರಗಿಗೆ ಕಳಿಸಿದೆ. ತುಣುಕು ತೆಗೆದು ಪರೀಕ್ಷಿಸಿದರು. ಫಲಿತಾಂಶ ಬರುವ ತನಕ ಫೋನ್ ಸದ್ದಾದರೆ ಕೈಯಲ್ಲಿದ್ದ ಕೆಲಸ ಬಿಟ್ಟು ಎತ್ತುತ್ತಿದ್ದೆ. ಬಂತು: ಮೆಲನೋಮಾ, ಮಚ್ಚೆಯಂತೆ ಕಾಣುವ ಚರ್ಮದ ಕ್ಯಾನ್ಸರ್. ಆದರೆ ಮೇಲಿನ ಪದರದಲ್ಲೇ ಇತ್ತು. ಸುತ್ತಲ ಚರ್ಮ ಸಮೇತ ಕತ್ತರಿಸಿ ತೆಗೆದರು. ಈಗ ಆರಾಮಾಗಿದ್ದಾರೆ, ತಪ್ಪದೆ ತಪಾಸಣೆಗೆ ಬರುತ್ತಾರೆ.

ಟೀಚರಮ್ಮ ಊರಿಗೆ ಹೋಗಿ ಕೆಟ್ಟ ಮಚ್ಚೆಯ ಲಕ್ಷಣಗಳನ್ನು ಮನೆಮನೆಗೆ ಕಲಿಸಿದರು. ಒಂದು ಮುಂಜಾನೆ ಅಲ್ಲಿಂದ ಯಜಮಾನರೊಬ್ಬರ ಫೋನು.

"ಟೀಚರಮ್ಮ ಹೇಳಿದ್ದೆಲ್ಲಾ ಐತ್ರಿ. ಎರಡೂ ಕಡಿ ಸಮ ಇಲ್ಲ, ಅಂಚು ಹರದೈತಿ, ಬೆಳ್ಯಾಕತ್ತೈತಿ."

ಬರೆದುಕೊಳ್ಳಲು ಪೆನ್ನು ತೆಗೆದೆ. "ಎಲ್ಲಿ ಆಗೇತ್ರಿ?"

"ನಮ್ಮ ಎಮ್ಮಿ ಬೆನ್ನ ಮ್ಯಾಲ್ರಿ."

ಪೆನ್ನು ಕೆಳಗಿಟ್ಟೆ. "ಯಜಮಾನ್ರ, ಎಮ್ಮಿ ಮೈ ಎಲ್ಲಾ ಕರ್ರಗೇ ಇರತೈತಲ್ರಿ?"

"ಅದಕ್ಕೇ ಅಂಜಿಕಿ ಆಗೇತ್ರಿ," ಎಂದರು. "ಇದು ಬೆಳ್ಳಗೈತಿ."