ಅಕ್ಕನ ಮಗನ ನಡುಗಡ್ಡೆಗೆ ಹೊರಟದ್ದು

ನಮ್ಮ ಮನೆತನದಲ್ಲಿ ಅಳಬೇಕೆಂದು ಕೂತಾಗಲೇ ಏನಾದರೊಂದು ನಡೆದು ನಗು ಬಂದುಬಿಡುತ್ತದೆ. ಯಾರೂ ಬೇಕಂತ ಮಾಡುವುದಿಲ್ಲ, ತಾನಾಗಿ ಹಾಗಾಗುತ್ತದೆ. ಹೋದ ವರ್ಷವಂತೂ ಅದು ನಮ್ಮ ಬೆನ್ನು ಹತ್ತಿ ಸಮುದ್ರದ ತನಕ ಬಂತು.

ನಾನು ಗುಡಗೇರಿಯಲ್ಲಿ ಬ್ಲೌಸ್ ಹೊಲಿಯುವವಳು. ಗೋಡೆಯಾಚೆ ನಮ್ಮಕ್ಕನ ಮನೆ. ಅವಳ ಗಂಡನಿಗೆ ನಾನು ಮಾಮಾ ಅಂತೇನೆ. ದಲಾಲಿ ಅಂಗಡಿಯಲ್ಲಿ ಕಾಳು ತೂಗುವ ಕೆಲಸ ಅವರದು, ಮಾತು ಅಗದಿ ಕಡಿಮೆ. ಅವರಿಗೊಬ್ಬನೇ ಮಗ. ಐಟಿಐ ಮುಗಿಸಿ ಸೋಲಾರ್ ಕೂಡಿಸುವ ಕೆಲಸ ಕಲಿತು, ಗುತ್ತಿಗೆದಾರನೊಬ್ಬನ ಕೈಕೆಳಗೆ ಲಕ್ಷದ್ವೀಪದ ಒಂದು ಸಣ್ಣ ನಡುಗಡ್ಡೆಗೆ ಹೋದ. ಅದರ ಹೆಸರು ನಮ್ಮ ನಾಲಿಗೆಗೆ ಕೊನೆತನಕ ಹತ್ತಲಿಲ್ಲ. “ಯವ್ವಾ, ಇಲ್ಲೆ ಈ ದಂಡಿಯಿಂದ ಆ ದಂಡಿಗೆ ನಡದ್ರ ಬೆವರ ಸೈತ ಬರೂದಿಲ್ಲ. ನಮ್ಮ ಓಣಿ ಮಂದಿನ ಜಾಸ್ತಿ ಅದಾರ,” ಎಂದು ಫೋನಿನಲ್ಲಿ ಹೇಳುತ್ತಿದ್ದ.

ಮಳೆಗಾಲ ಶುರುವಾಗುವ ಹೊತ್ತಿನಲ್ಲಿ ಒಂದು ರವಿವಾರ ಸಮುದ್ರಕ್ಕೆ ಜಳಕಕ್ಕೆಂದು ಇಳಿದವನು ಸೆಳವಿಗೆ ಸಿಕ್ಕ. ಈಜು ಬರುತ್ತಿರಲಿಲ್ಲ. ಊರಿನವರೇ ಹುಡುಕಿ ತಂದರು. ಮಳೆಗಾಲಕ್ಕೆ ಹಡಗುಗಳ ಓಡಾಟ ನಿಂತಿತ್ತು, ಆ ಗಾಳಿಗೆ ಹೆಲಿಕಾಪ್ಟರ್ ಸಹ ಬರಲಿಲ್ಲ. ಅವನು ಬಾಡಿಗೆಗಿದ್ದ ಮನೆಯ ಯಜಮಾನರು ತಮ್ಮ ತೆಂಗಿನ ತೋಟದಲ್ಲಿ ಜಾಗ ಕೊಟ್ಟರು. ಹೂಳುವುದು ನಮ್ಮಲ್ಲೂ ಪದ್ಧತಿ, ಅವರಲ್ಲೂ ಪದ್ಧತಿ. ಅಕ್ಕ ಮತ್ತು ಮಾಮಾ ಮಗನನ್ನು ಮಣ್ಣು ಮಾಡುವುದನ್ನು ಫೋನಿನಲ್ಲಿ ನೋಡಿದರು, ಅದೂ ನೆಟ್‌ವರ್ಕ್ ಇಲ್ಲದೆ ನಿಂತು ನಿಂತು. ಅಂದಿನಿಂದ ಮಾಮಾ ಮಗನ ಬಗ್ಗೆ ತಾವಾಗಿ ಒಂದು ಮಾತೂ ಆಡಲಿಲ್ಲ. ಅವನ ಹೆಸರು ಬಂದರೆ ಎದ್ದು ಹೊರಗೆ ಹೋಗುತ್ತಿದ್ದರು.

ವರ್ಷ ಕಳೆದ ಮೇಲೆ ಒಂದು ದಿನ ಅಕ್ಕ ಬಂದು ನನ್ನ ಹೊಲಿಗೆ ಮಷಿನ್ನಿನ ಬಾಜು ಕೂತಳು. “ಅಂವ ಇರೂ ಊರು ನೋಡಬೇಕು. ನೀನೂ ಬಾ,” ಅಂದಳು. ಅಲ್ಲಿಂದ ನಮ್ಮ ತಯಾರಿ ಶುರುವಾಯಿತು.

ನೆರಳು

ಆ ನಡುಗಡ್ಡೆಗೆ ಸುಮ್ಮನೆ ಹೋಗಲು ಬಿಡುವುದಿಲ್ಲ, ಅಲ್ಲಿನವರೊಬ್ಬರು ಕರೆಸಿಕೊಳ್ಳಬೇಕು ಎಂದು ತಿಳಿಯಿತು. ಅವನಿದ್ದ ಮನೆಯ ಯಜಮಾನರ ಮಗಳು ಅಲ್ಲಿ ಶಾಲೆಯಲ್ಲಿ ಟೀಚರ್, ಹಿಂದಿ ಬಲ್ಲವಳು. ನನಗೆ ಹಿಂದಿ ತಿಳಿಯುತ್ತದೆ, ಆಡಲು ಬಾಯಿ ಹೊರಳುವುದಿಲ್ಲ. ಹೀಗಾಗಿ ಅವಳ ಜೊತೆ ಫೋನಿನಲ್ಲಿ ಮಾತಾಡಲು ಬಳೆ ಮಾರುವ ನಮ್ಮ ಎದುರು ಮನೆಯ ಚಾಚಿಯನ್ನು ಕರೆದೆವು.

ಸಮುದ್ರದ ನಡುವಿನ ಊರು, ಮಾತು ಅಷ್ಟು ದೂರ ಮುಟ್ಟಬೇಕಲ್ಲ ಎಂದು ಚಾಚಿ ಕಟ್ಟೆಯ ಮೇಲೆ ನಿಂತು ಒದರಲು ಹತ್ತಿದರು. ನಾವು ಯಾವ ತಿಂಗಳು ಬರುತ್ತೇವೆ, ಎಷ್ಟು ಜನ, ಮೀನು ತಿನ್ನುವುದಿಲ್ಲ, ಎಲ್ಲವೂ ಓಣಿಗೆ ಗೊತ್ತಾಯಿತು. ಹಿಟ್ಟಿನ ಗಿರಣಿಯವನು ಗಿರಣಿ ನಿಲ್ಲಿಸಿ ಹೊರಗೆ ಬಂದು ನಿಂತ.

ಆಗ ಅಕ್ಕ ಚಾಚಿಯ ಸೆರಗು ಎಳೆದು, “ಅವನ ಮ್ಯಾಲ ನೆರಳ ಐತೇನ ಕೇಳ್ರಿ,” ಅಂದಳು.

ಅಲ್ಲಿಯ ತನಕ ಒದರುತ್ತಿದ್ದ ಚಾಚಿ ಇದೊಂದನ್ನು ಮಾತ್ರ ಪಿಸುಗುಟ್ಟಿದರು. ಆಚೆಯಿಂದ ಕೇಳಿಸುತ್ತಿಲ್ಲ, ಜೋರಾಗಿ ಹೇಳಿ ಎಂದು ಉತ್ತರ ಬಂತು. ಎರಡು ಸಲ ಹಾಗೇ ಆಯಿತು. ಕೊನೆಗೆ ಚಾಚಿ ಕಣ್ಣು ಮುಚ್ಚಿಕೊಂಡು, ಹುಡುಗನ ಗೋರಿಯ ಮೇಲೆ ನೆರಳು ಇದೆಯೇ ಎಂದು ಇಡೀ ಓಣಿಗೆ ಕೇಳುವಂತೆ ಕೂಗಿದರು. ಗಿರಣಿಯವನು ತಲೆ ತಗ್ಗಿಸಿ ಒಳಗೆ ಹೋದ.

ಸುತ್ತಲೂ ತೆಂಗಿನ ಮರಗಳೇ, ಬಿಸಿಲೇ ಬೀಳುವುದಿಲ್ಲ ಎಂದು ಆ ಮಗಳು ಹೇಳಿದಳು. ಚಾಚಿ ಅದನ್ನು ಕನ್ನಡದಲ್ಲಿ ಹೇಳುತ್ತಾ ಕಣ್ಣೊರೆಸಿಕೊಂಡರು. ಅಕ್ಕ ಮತ್ತೆ ಅವರ ಸೆರಗು ಎಳೆದು, “ಕಾಯಿ ಉದರತಾವೇನೋ. ತಲಿ ಕಡೆ ಬೀಳದಂಗ ಮೊದಲ ಕಿತ್ತ ಇಳಸ್ರಿ ಅಂತ ಹೇಳ್ರಿ,” ಅಂದಳು.

ಪರ್ಮನೆಂಟ್

ಪರವಾನಗಿಗೆ ಪೊಲೀಸರ ವಿಚಾರಣೆ ಆಗಬೇಕಿತ್ತು. ಒಬ್ಬ ಹೊಸ ಹವಾಲ್ದಾರ ಮೋಟರ್ ಸೈಕಲ್ ಮೇಲೆ ಬಂದು ಓಣಿಯ ಬಾಯಲ್ಲಿ ಮಾಮಾನ ಮನೆ ಯಾವುದೆಂದು ಕೇಳಿದ. ಅಷ್ಟೇ ಸಾಕಾಯಿತು. ಅವನು ಗಾಡಿ ನಿಲ್ಲಿಸುವಷ್ಟರಲ್ಲಿ ಮನೆ ಮುಂದೆ ಮಂದಿ ಕೂಡಿದರು. ದಲಾಲಿ ಅಂಗಡಿಯ ಮಾಲೀಕರು ಓಡಿ ಬಂದು, ತೂಕದಲ್ಲಿ ಹೆಚ್ಚುಕಡಿಮೆ ಆಗಿದ್ದರೆ ಅದು ತಕ್ಕಡಿಯ ತಪ್ಪು, ಈ ಮನುಷ್ಯನದಲ್ಲ ಎಂದು ಯಾರೂ ಕೇಳದೆಯೇ ಹೇಳಿಬಿಟ್ಟರು.

ಹವಾಲ್ದಾರ ಎಲ್ಲರನ್ನೂ ಸರಿಸಿ ಕೂತು, ಅಷ್ಟು ದೂರ ಯಾಕೆ ಹೊರಟಿದ್ದೀರಿ ಎಂದು ಕೇಳಿದ. ಮಗ ಇದ್ದಾನೆ ಎಂದರು ಮಾಮಾ. ಏನು ಕೆಲಸ ಎಂದು ಕೇಳಿದ. ಸೋಲಾರ್ ಕೆಲಸಕ್ಕೆ ಹೋಗಿದ್ದ ಎಂದರು.

“ಟೆಂಪರರಿ ಏನ್ರಿ, ಪರ್ಮನೆಂಟೋ?”

ಮಾಮಾ ನೆಲ ನೋಡುತ್ತಾ ಕೂತಿದ್ದರು. ತಲೆ ಎತ್ತದೆಯೇ, “ಹೋದಾಗ ಟೆಂಪರರಿ ಇದ್ದನ್ರಿ. ಈಗ ಪರ್ಮನೆಂಟ್ ಆಗ್ಯಾನ್ರಿ,” ಅಂದರು.

ಹವಾಲ್ದಾರನ ಮುಖ ಅರಳಿತು. ಈ ಕಾಲದಲ್ಲಿ ಕಾಯಂ ಆಗುವುದು ಸಣ್ಣ ಮಾತಲ್ಲ, ಹಾಗಾದರೆ ಪೇಢೆ ಕೊಡಬೇಕು ಎಂದ. ಅಕ್ಕ ಒಳಗೆ ಹೋಗಿ, ಪೇಢೆ ಇಲ್ಲವಾದ್ದರಿಂದ ವಾಟಿಯಲ್ಲಿ ಸಕ್ಕರೆ ತಂದು ಅವನ ಮುಂದಿಟ್ಟಳು. ಅವನು ಚಿಟಿಕೆ ಸಕ್ಕರೆ ಬಾಯಿಗೆ ಹಾಕಿಕೊಂಡು ಮಗನಿಗೆ ಒಳ್ಳೆಯದಾಗಲಿ ಎಂದು ಹರಸಿ ಹೊರಟ.

ಓಣಿಯ ಬಾಯಲ್ಲಿ ಅವನಿಗೆ ಯಾರೋ ವಿಷಯ ಹೇಳಿರಬೇಕು. ಗಾಡಿ ತಿರುಗಿಸಿಕೊಂಡು ಬಂದ. ಟೋಪಿ ತೆಗೆದು ಕೈಯಲ್ಲಿ ಹಿಡಿದು ಮಾಮಾನ ಬಾಜು ಕಟ್ಟೆಯ ಮೇಲೆ ಕೂತ. ಚಹಾ ಕೊಟ್ಟರೆ ಕುಡಿದ. ಏಳುವಾಗ ಮಾಮಾನ ಕೈ ಹಿಡಿದು, ಎಲ್ಲ ಚಲೋ ಬರೆದು ಕಳಿಸುತ್ತೇನೆ ಎಂದಷ್ಟೇ ಹೇಳಿದ.

ಅವನು ಹೋದ ಮೇಲೆ ದಲಾಲಿ ಮಾಲೀಕರು ಬಾಗಿಲಲ್ಲಿ ಇಣುಕಿ, “ಪೊಲೀಸ್ರು ಬಿಟ್ಟರೋ ಇಲ್ಲೋ?” ಎಂದು ಕೇಳಿದರು.

ಹಡಗಿನ ಅಭ್ಯಾಸ

ಹಡಗಿನಲ್ಲಿ ಹೊಟ್ಟೆ ತೊಳೆಸುತ್ತದೆ, ಮೊದಲೇ ರೂಢಿ ಮಾಡಿಕೊಳ್ಳಬೇಕು ಎಂದು ಗಿರಣಿಯವನು ಹೇಳಿದ. ಅವನಿಗೂ ಹಡಗು ಗೊತ್ತಿರಲಿಲ್ಲ, ಆದರೆ ಅವನ ಹತ್ತಿರ ಟ್ರ್ಯಾಕ್ಟರ್ ಇತ್ತು. ಮಳೆ ಬಂದು ಒಣಗಿದ ಎರಿ ಮಣ್ಣಿನ ಹೊಲದ ದಾರಿಗಿಂತ ಸಮುದ್ರ ಜಾಸ್ತಿ ಕುಲುಕಲಾರದು ಎಂದು ಅವನ ಲೆಕ್ಕ. ಒಂದು ಮುಂಜಾನೆ ನನ್ನನ್ನೂ ಅಕ್ಕನನ್ನೂ ಖಾಲಿ ಟ್ರಾಲಿಯಲ್ಲಿ ಕೂಡಿಸಿಕೊಂಡು ಹೊರಟ. ಕೈಯಲ್ಲಿ ಒಂದೊಂದು ನಿಂಬೆಹಣ್ಣು.

ಆ ದಾರಿಯಲ್ಲಿ ನನ್ನ ಎಲುಬುಗಳು ಜಾಗ ಬದಲಿಸಿದವು. ಹೊಲದಲ್ಲಿ ಕಳೆ ತೆಗೆಯುತ್ತಿದ್ದ ಹೆಣ್ಣುಮಕ್ಕಳು ಎದ್ದು ನಿಂತು, ಎತ್ತ ಕಡೆ ಹೊರಟಿರಿ ಎಂದು ಕೇಳಿದರೆ, ಅಕ್ಕ ಗಂಭೀರವಾಗಿ ಲಕ್ಷದ್ವೀಪಕ್ಕೆ ಎಂದಳು.

ಹಿಂದಿರುಗುವಾಗ ಅವಳು ಟ್ರಾಲಿಯ ಅಂಚು ಹಿಡಿದುಕೊಂಡು ಹೇಳಿದಳು: “ಅಂವ ಹೋಗೂ ಮುಂದ ಹಡಗಿನ್ಯಾಗ ಬರೇ ವಾಂತಿ ಮಾಡಿದ್ನಂತ. ಬೆನ್ನ ಸವರಾಕ ಯಾರೂ ಇರಲಿಲ್ಲ ನೋಡು.” ನಾನು ಅವಳಿಗೆ ಏನಾದರೂ ಸಮಾಧಾನ ಹೇಳಬೇಕೆಂದು ಬಾಯಿ ತೆರೆದೆ. ಮಾತಿನ ಬದಲು ಮುಂಜಾನೆ ತಿಂದ ಅವಲಕ್ಕಿ ಬಂತು. ಅಕ್ಕ ಮನೆ ಬರುವ ತನಕ ನನ್ನ ಬೆನ್ನು ಸವರಿದಳು. ಆಮೇಲೆ ನಾವಿಬ್ಬರೂ ಟ್ರಾಲಿಯಲ್ಲಿ ಕೂತೇ ನಕ್ಕೆವು. ಗಿರಣಿಯವನು ಮಾತ್ರ ನನ್ನನ್ನು ನಪಾಸು ಮಾಡಿದ.

ಬುತ್ತಿ

ಅಕ್ಕ ಕಟ್ಟಿದ ಬುತ್ತಿ ಒಂದು ಮದುವೆಗೆ ಸಾಲುತ್ತಿತ್ತು. ಒಣಗಿಸಿದ ಕಟಕ್ ರೊಟ್ಟಿ, ಶೇಂಗಾ ಚಟ್ನಿ, ಶೇಂಗಾ ಹೋಳಿಗೆ, ಕೆಂಪು ಖಾರ. ಹುಬ್ಬಳ್ಳಿಯಿಂದ ಕೊಚ್ಚಿಗೆ ಹೋಗುವ ರೈಲಿನಲ್ಲಿ ರೊಟ್ಟಿ ಮುರಿಯಬಾರದೆಂದು ಅವಳು ಆ ಗಂಟನ್ನು ತನ್ನ ಬರ್ತಿನ ಮೇಲೆ ಮಲಗಿಸಿ ತಾನು ಕೂತೇ ಬಂದಳು.

ಹಡಗು ಹತ್ತುವ ಮೊದಲು ತಪಾಸಣೆಯವರು ಗಂಟು ಬಿಚ್ಚಿಸಿದರು. ಅಷ್ಟೆತ್ತರ ಪೇರಿಸಿಟ್ಟ ಬಿಳಿ ತಾಟಿನಂಥ ವಸ್ತು ಏನೆಂದು ಅವರಿಗೆ ತಿಳಿಯಲಿಲ್ಲ. ಒಬ್ಬ ಬೆರಳಿನಿಂದ ಬಾರಿಸಿ ನೋಡಿದ, ಟಣ್ ಎಂದಿತು. ಇನ್ನೊಬ್ಬನನ್ನು ಕರೆದ. ಅಕ್ಕ ಒಂದನ್ನು ಮುರಿದು, ಖಾರ ಹಚ್ಚಿ ಅವನ ಕೈಗೆ ಕೊಟ್ಟಳು. ಅವನು ತಿಂದ. ಕಣ್ಣಲ್ಲಿ ಮೂಗಲ್ಲಿ ನೀರು ಸುರಿಯಿತು, ಮಾತು ಹೊರಡಲಿಲ್ಲ, ಹೋಗಿ ಹೋಗಿ ಎಂದು ಕೈ ಮಾಡಿದ. ಇಷ್ಟು ಖಾರ ಯಾರು ತಿನ್ನುತ್ತಾರೆ ಎಂದು ನಾನು ಕೇಳಿದೆ. ಅಕ್ಕ ಗಂಟು ಕಟ್ಟುತ್ತಾ ಅಂದಳು: “ಅವಗ ಇದ ಬೇಕಾಗತಿತ್ತು.” ಮಾಮಾ ಆ ಗಂಟನ್ನು ಅವಳ ಕೈಯಿಂದ ತೆಗೆದುಕೊಂಡು ತಾವೇ ಹೊತ್ತರು. ಹಿಂದೆ ಆ ತಪಾಸಣೆಯವನು ಇನ್ನೂ ನೀರು ಕುಡಿಯುತ್ತಿದ್ದ.

ಆ ಊರಿನ ಮರ್ಯಾದೆ

ನಡುಗಡ್ಡೆಯ ಹತ್ತಿರ ದೊಡ್ಡ ಹಡಗು ಹೋಗುವುದಿಲ್ಲ. ಸಣ್ಣ ದೋಣಿಗೆ ಇಳಿಸಿದರು. ನೀರು ತಳ ಕಾಣುವಷ್ಟು ತಿಳಿಯಾಗಿತ್ತು, ಬಣ್ಣ ಮಾತ್ರ ನಾನು ಯಾವ ಸೀರೆಯಲ್ಲೂ ಕಂಡದ್ದಲ್ಲ. ಅಕ್ಕ ಆ ನೀರಿನ ಕಡೆ ಒಮ್ಮೆಯೂ ನೋಡಲಿಲ್ಲ.

ದೋಣಿ ನಿಲ್ಲುವ ಕಟ್ಟೆಯ ಮೇಲೆ ಊರಿಗೆ ಊರೇ ಬಂದು ನಿಂತಿತ್ತು. ಊರೆಂದರೆ ಒಂದು ಸಣ್ಣ ಲಗ್ನದ ಮಂದಿಯಷ್ಟು. ಎಲ್ಲರ ಮುಂದೆ ಆ ಮನೆಯ ಯಜಮಾನರು, ಬೆಳ್ಳನೆ ಗಡ್ಡ, ಒಗೆದು ಇಸ್ತ್ರಿ ಮಾಡಿದ ಅಂಗಿ. ಅವರು ಮಾಮಾನನ್ನು ಕೈ ಹಿಡಿದು ದೋಣಿಯಿಂದ ಇಳಿಸಿಕೊಂಡರು. ಎದೆಯ ಮೇಲೆ ಕೈಯಿಟ್ಟು, ಬಾಗಿ, ತುಂಬ ಭಕ್ತಿಯಿಂದ ಅಂದರು:

“ಏನಲೇ ಭಾಡ್ಯಾ, ಅರಾಮ ಅದೀ?”

ನಮ್ಮ ಕಡೆ ಹುಡುಗರು ಹುಡುಗರನ್ನು ಬೈದು ಕರೆಯುವ ಮಾತದು, ನಾವು ಮೂವರೂ ನಿಂತಲ್ಲೇ ನಿಂತೆವು. ಅವರ ಹೆಂಡತಿ ಮುಂದೆ ಬಂದು ಅಕ್ಕನ ಗಲ್ಲ ಸವರಿ, “ಬಾರಬೇ ಹಾಪಿ,” ಎಂದು ಅರೆಹುಚ್ಚಿಯನ್ನು ಕರೆಯುವಂತೆ ಕರೆದು ತಬ್ಬಿಕೊಂಡರು. ಹಿಂದೆ ಸಾಲಾಗಿ ನಿಂತ ಮಕ್ಕಳು ಶಾಲೆಯಲ್ಲಿ ಪ್ರಾರ್ಥನೆ ಹೇಳುವಂತೆ ಒಂದೇ ದನಿಯಲ್ಲಿ ನಮ್ಮನ್ನು ಮಂಗ್ಯಾಗಳೆಂದು ಸ್ವಾಗತಿಸಿದರು.

ಟೀಚರ್ ಮಗಳು ಹಿಂದಿಯಲ್ಲಿ ವಿವರಿಸಿದಳು. ಹಿರಿಯರು ಬಂದರೆ ನಿಮ್ಮ ಊರಲ್ಲಿ ಹೀಗೇ ಮಾತಾಡಿಸುವುದಂತೆ, ನಿಮ್ಮ ಹುಡುಗನೇ ಹೇಳಿಕೊಟ್ಟ, ಸಂಜೆ ಸಂಜೆ ಎಲ್ಲರನ್ನೂ ಕೂಡಿಸಿಕೊಂಡು ಕಲಿಸುತ್ತಿದ್ದ, ಯಾರಾದರೂ ತಪ್ಪಿದರೆ ಬಿದ್ದು ಬಿದ್ದು ನಗುತ್ತಿದ್ದ, ನೀವು ಬರುವುದು ಗೊತ್ತಾದ ಮೇಲೆ ನಮ್ಮಪ್ಪ ದಿನಾ ರೂಢಿ ಮಾಡಿದ್ದಾರೆ ಎಂದಳು.

ಅದು ಬೈಗುಳ ಎಂದು ಹೇಳುವಷ್ಟು ಹಿಂದಿ ನನಗೂ ಬರುತ್ತಿತ್ತು. ಬಾಯಿ ತೆರೆಯುವಷ್ಟರಲ್ಲಿ ಅಕ್ಕ ನನ್ನ ಕೈ ಹಿಡಿದಳು. ಅವಳು ನಗುತ್ತಿದ್ದಳು, ಕಣ್ಣೀರು ಕುತ್ತಿಗೆಯ ತನಕ ಇಳಿದಿತ್ತು.

“ಹೇಳಬ್ಯಾಡ. ಅವನ ಮಾತು ಅವು, ಹಂಗ ಇರ್ಲಿ.”

ಯಜಮಾನರು ನಮ್ಮನ್ನು ತಮ್ಮ ತೋಟಕ್ಕೆ ಕರೆದುಕೊಂಡು ಹೋದರು. ತೆಂಗಿನ ಮರಗಳ ನಡುವೆ ಬಿಳಿ ಮರಳಿನ ಸಣ್ಣ ದಿಬ್ಬ, ಸುತ್ತ ಹವಳದ ಕಲ್ಲು ಜೋಡಿಸಿ ಚೊಕ್ಕಟ ಗುಡಿಸಿ ಇಟ್ಟಿದ್ದರು. ಅಕ್ಕ ಕೂತು ಆ ಮರಳಿನ ಮೇಲೆ ಅಂಗೈ ಊರಿದಳು. ಮಾಮಾ ಬಹಳ ಹೊತ್ತು ನಿಂತೇ ಇದ್ದರು. ಆಮೇಲೆ ಚಪ್ಪಲಿ ಬಿಟ್ಟು, ಮೊಣಕಾಲೂರಿ ಕೂತು, ಮಗನ ಕಡೆ ಬಾಗಿದರು. ಮಣ್ಣಾದ ಮೇಲೆ ಅವನ ಜೊತೆ ಅವರು ಮಾತಾಡಿದ್ದು ಅದೇ ಮೊದಲು.

“ಏನಲೇ ಭಾಡ್ಯಾ,” ಅಂದರು. ಮರಳನ್ನು ಮೆಲ್ಲಗೆ ಸವರಿ, “ಅರಾಮ ಅದೀ?” ಎಂದು ಮುಗಿಸಿದರು.

ಹಿಂದೆ ನಿಂತಿದ್ದ ಯಜಮಾನರು ಕಣ್ಣೊರೆಸಿಕೊಂಡು ಮಗಳ ಕಿವಿಯಲ್ಲಿ ಏನೋ ಅಂದರು. ಅವಳು ನನಗೆ ಮೆಲ್ಲಗೆ ಹಿಂದಿಯಲ್ಲಿ ಹೇಳಿದಳು: ಹುಡುಗ ಹೇಳಿಕೊಟ್ಟದ್ದು ಸರಿಯಾಗಿಯೇ ಇತ್ತು, ನೋಡು, ಅವನ ಅಪ್ಪನೂ ಹಾಗೇ ಅಂತಾರೆ ಅಂತ ನಮ್ಮಪ್ಪ ಹೇಳುತ್ತಿದ್ದಾರೆ.