ಸಮನ್ವಯ ಶಿಕ್ಷಣ ಮತ್ತು ನನ್ನ ಮೀಸೆ

ಹಾಳೆಯ ನಡುವೆ ಗೆರೆ ಎಳೆದು ಆ ಕಡೆ ಅನುಕೂಲ, ಈ ಕಡೆ ಅನಾನುಕೂಲ ಬರೆಯಿರಿ ಎಂದರೆ ನನ್ನ ಪೆನ್ನು ಈ ವಯಸ್ಸಿನಲ್ಲೂ ಮುಂದೆ ಓಡುವುದಿಲ್ಲ. ಮಕ್ಕಳಿಗೆ ಇಂಥ ಪ್ರಶ್ನೆಗಳನ್ನು ಜನ್ಮಪೂರ್ತಿ ಕೊಟ್ಟ ಪಾಪ ಒಮ್ಮೆ ಧಾರವಾಡದ ತರಬೇತಿಯಲ್ಲಿ ನನಗೇ ತಿರುಗಿ ಬಂತು. ವಿಷಯ ಸಮನ್ವಯ ಶಿಕ್ಷಣ, ಎಂದರೆ ವಿಶೇಷ ಅಗತ್ಯದ ಮಕ್ಕಳನ್ನು ಬೇರೆ ಶಾಲೆಗೆ ಅಟ್ಟದೆ ಎಲ್ಲರ ಜೊತೆ ಒಂದೇ ವರ್ಗದಲ್ಲಿ ಕೂಡಿಸಿ ಕಲಿಸುವುದು. ಅನುಕೂಲಗಳನ್ನು ಪಕ್ಕದವರ ಹಾಳೆ ನೋಡಿ ಹನ್ನೊಂದು ಬರೆದೆ. ಅನಾನುಕೂಲದ ಕೆಳಗೆ ಮಾತ್ರ ಸ್ವಂತ ಅನುಭವದಿಂದ ಒಂದೇ ಶಬ್ದ ಬರೆದೆ: ಮೀಸೆ. ತರಬೇತಿ ಕೊಡಲು ಬಂದಿದ್ದ ಮೇಡಮ್ಮರು ಅದನ್ನು ಎರಡು ಸಲ ಓದಿ ನನ್ನ ಮುಖ ನೋಡಿದರು. ಅವರಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ.

ಹುಬ್ಬಳ್ಳಿಯ ವಿದ್ಯಾನಗರದ ಹೈಸ್ಕೂಲೊಂದರಲ್ಲಿ ಇತಿಹಾಸ ಕಲಿಸಲು ಸೇರಿದಾಗ ನಾನು ಎಷ್ಟು ತೆಳ್ಳಗಿದ್ದೆನೆಂದರೆ ಮೊದಲ ದಿನ ಜವಾನ ನನ್ನನ್ನು ಹತ್ತನೆಯ ವರ್ಗದ ಸಾಲಿನಲ್ಲಿ ಪ್ರಾರ್ಥನೆಗೆ ನಿಲ್ಲಿಸಿದ್ದ. ಆ ಅವಮಾನಕ್ಕೆ ಬೆಳೆಸಿದ್ದು ಮೀಸೆ. ಇಪ್ಪತ್ತು ವರ್ಷಗಳಲ್ಲಿ ಅದು ಮೇಲ್ದುಟಿಯನ್ನು ಪೂರ್ತಿ ಮುಚ್ಚಿ, ಕೆಳದುಟಿಯ ಗಡಿಯನ್ನೂ ಒತ್ತಿಕೊಂಡು ಬಂದಿತ್ತು. ಚಹಾ ಕುಡಿದರೆ ಅರ್ಧ ಅದರ ಪಾಲು. ಮಕ್ಕಳು ನನಗಲ್ಲ, ಅದಕ್ಕೆ ಹೆದರುತ್ತಿದ್ದರು ಎಂದು ನನಗೆ ಗೊತ್ತಿತ್ತು. ಆದರೂ ಗೌರವ ಗೌರವವೇ ತಾನೆ.

ಹೊಸ ಶತಮಾನ ಕಣ್ಣು ಬಿಟ್ಟ ಹೊಸತರಲ್ಲಿ ಒಂಬತ್ತನೆಯ ವರ್ಗಕ್ಕೆ ರೇಣುಕಾ ಬಂದಳು. ಅವಳ ತಂದೆಗೆ ಗಬ್ಬೂರಿನ ಬೈಪಾಸಿನಲ್ಲಿ ಪಂಕ್ಚರ್ ಅಂಗಡಿ. ಆರು ವರ್ಷದವಳಿದ್ದಾಗ ಜ್ವರ ಬಂದು ಎರಡೂ ಕಿವಿ ಹೋಗಿದ್ದವು. ಮಾತು ಉಳಿದಿತ್ತು. ಹೆಡ್‌ಮಾಸ್ತರರು ಮೊದಲೇ ಹೇಳಿಬಿಟ್ಟಿದ್ದರು: ಡಿಸೆಂಬರಿನಲ್ಲಿ ಇನ್‌ಸ್ಪೆಕ್ಷನ್ನಿಗೆ ಸಾಹೇಬರು ಬರುತ್ತಾರೆ, ಈ ಹುಡುಗಿಗೆ ಇಲ್ಲಿ ಪಾಠ ತಿಳಿಯುತ್ತಿಲ್ಲ ಎಂದು ಅವರು ಬರೆದರೆ ಪರವೂರಿನ ಕಿವುಡ ಮಕ್ಕಳ ವಸತಿ ಶಾಲೆಗೆ ಕಳಿಸಬೇಕಾಗುತ್ತದೆ. ಮಗಳನ್ನು ಬಿಟ್ಟು ಒಂದು ರಾತ್ರಿಯೂ ಇರದ ಅವಳ ತಾಯಿ ಅದನ್ನು ಕೇಳಿ ಅಲ್ಲೇ ಅತ್ತುಬಿಟ್ಟಳು.

ಕಿವಿ ಕೇಳದವರಿಗೆ ಒದರಿ ಹೇಳಬೇಕು ಎಂಬುದು ನನ್ನ ಶಾಸ್ತ್ರ. ಹದಿನೈದು ದಿನ ಚಾಲುಕ್ಯರನ್ನು ಒದರಿದೆ. ಪಕ್ಕದ ವರ್ಗದಲ್ಲಿ ಗಣಿತ ಕಲಿಸುತ್ತಿದ್ದವರು ಬಂದು, ಅವರ ಹುಡುಗನೊಬ್ಬ ಬೀಜಗಣಿತದ ಉತ್ತರದಲ್ಲಿ ಪುಲಿಕೇಶಿ ಎಂದು ಬರೆದಿದ್ದಾನೆ ಎಂದು ದೂರಿದರು. ರೇಣುಕಾ ಮಾತ್ರ ಮೊದಲ ಬೆಂಚಿನಲ್ಲಿ ಕೂತು, ಕಳೆದ ಸೂಜಿ ಹುಡುಕುವವರ ಹಾಗೆ ನನ್ನ ಮುಖ ನೋಡುತ್ತಿದ್ದಳು. ಕೊನೆಗೆ ಅವಳ ತಾಯಿಯೇ ಬಂದು ಸೆರಗು ಸರಿ ಮಾಡಿಕೊಳ್ಳುತ್ತ ನಿಂತಳು.

“ಸಿಟ್ಟಾಗಬ್ಯಾಡ್ರಿ ಸರ್. ಆಕಿ ತುಟಿ ನೋಡಿ ತಿಳ್ಕೋತಾಳ್ರಿ. ನಿಮ್ಮ ತುಟಿ ಎಲ್ಲಿ ಅದಾವಂತ ಆಕಿಗೆ ಇನ್ನೂ ಸಿಕ್ಕಿಲ್ಲಂತ್ರಿ.”

ಎರಡು ದಿನ ಊಟ ಸೇರಲಿಲ್ಲ. ಮೂರನೆಯ ದಿನ ಫಕೀರಪ್ಪನ ಕಟಿಂಗ್ ಅಂಗಡಿಯಲ್ಲಿ ಕಣ್ಣು ಮುಚ್ಚಿ ಕುಳಿತೆ. ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎನ್ನುತ್ತಾರೆ. ನಾನು ಬೀಳದೆಯೇ ನನ್ನ ಮೀಸೆ ಫಕೀರಪ್ಪನ ನೆಲದ ಮೇಲೆ ಬಿದ್ದಿತ್ತು. ಮನೆಗೆ ಹೋದರೆ ಹೆಂಡತಿ ಬಾಗಿಲಲ್ಲೇ ನಿಂತು ಯಾರು ಬೇಕಾಗಿತ್ತು ಎಂದು ಕೇಳಿದಳು. ಮರುದಿನ ಶಾಲೆಯಲ್ಲಿ ಜವಾನ ಕೂಡ ನನ್ನನ್ನು ನೋಡಿ ಮತ್ತೆ ಹತ್ತನೆಯ ವರ್ಗದ ಸಾಲಿನ ಕಡೆ ಕೈ ತೋರಿಸಿದ. ಆದರೆ ರೇಣುಕಾ ನನ್ನ ಬರಿದಾದ ಮೇಲ್ದುಟಿ ಕಂಡು ನಕ್ಕಳು ನೋಡಿ, ಅವತ್ತು ಪಾಠ ಓಡಿತು. ಹಲಗೆಯ ಕಡೆ ತಿರುಗಿ ಗೊಣಗುವ ಚಟ ಬಿಟ್ಟೆ. ಒಂದೊಂದೇ ಮಾತನ್ನು ಬಿಡಿಸಿ ಹೇಳತೊಡಗಿದೆ.

ಡಿಸೆಂಬರ್ ಬಂತು, ಸಾಹೇಬರೂ ಬಂದರು. ಇನ್‌ಸ್ಪೆಕ್ಷನ್ನಿನ ದಿನ ಸಾಹೇಬರ ಬೆನ್ನ ಹಿಂದೆ ನಿಂತು ಮಕ್ಕಳಿಗೆ ಉತ್ತರದ ಸನ್ನೆ ಮಾಡುವುದು ನಮ್ಮ ಕಡೆ ಮಾಸ್ತರಿಕೆಯಷ್ಟೇ ಹಳೆಯ ವಿದ್ಯೆ. ಸಾಹೇಬರು ಹಲಗೆಯ ಹತ್ತಿರ ನಿಂತು ರೇಣುಕಾಳನ್ನೇ ಎಬ್ಬಿಸಿದರು. ನಾನು ಅವರ ಬೆನ್ನಿಗೆ ನಿಂತು ದನಿ ಇಲ್ಲದೆ ಬರೀ ತುಟಿ ಆಡಿಸಿ ಉತ್ತರ ಹೇಳಿದೆ. ಹುಡುಗಿ ಥಟ್ಟನೆ ಹೇಳಿದಳು. ಎರಡನೆಯದೂ ಹಾಗೆಯೇ, ಮೂರನೆಯದೂ ಹಾಗೆಯೇ. ಇಂಥ ಸೌಕರ್ಯ ಕಿವಿ ಕೇಳುವ ಮಕ್ಕಳಲ್ಲಿ ಎಲ್ಲಿದೆ ಎಂದು ಹಿಗ್ಗಿದೆ. ನಾಲ್ಕನೆಯ ಪ್ರಶ್ನೆ ಕೇಳಿದ ಸಾಹೇಬರು ಉತ್ತರ ತಾಳೆ ನೋಡಲು ಪುಸ್ತಕದ ಪುಟ ಹುಡುಕತೊಡಗಿದರು, ಹುಡುಕುತ್ತಲೇ ಇದ್ದರು. ಅವರಿಗಾಗಿ ಹೆಡ್‌ಮಾಸ್ತರರ ಮನೆಯಿಂದ ಗೋಧಿ ಹುಗ್ಗಿ ಬಂದಿತ್ತು. ಬೆಳಗಿನಿಂದ ಉಪವಾಸವಿದ್ದ ನಾನು ನನ್ನಷ್ಟಕ್ಕೆ ನಾನೇ ತುಟಿಯೊಳಗೆ ಏನೋ ಅಂದುಕೊಂಡೆ. ನಾನು ಅಂದುಕೊಂಡದ್ದು ಮರುಕ್ಷಣ ರೇಣುಕಾಳ ಎತ್ತರದ ದನಿಯಲ್ಲಿ ವರ್ಗಕ್ಕೆಲ್ಲ ಕೇಳಿಸಿತು.

“ಈ ಪುಣ್ಯಾತ್ಮ ಯಾವಾಗ ಮುಗಸ್ತಾನೋ ಏನೋ, ಹುಗ್ಗಿ ಆರಿ ಹೋಗಾಕತ್ತದ.”

ಸಾಹೇಬರು ನಿಧಾನವಾಗಿ ಹಿಂದೆ ತಿರುಗಿದರು. ನಾನು ಅಭ್ಯಾಸಬಲದಿಂದ ಮೀಸೆಯ ಹಿಂದೆ ಅಡಗಲು ಹೋದೆ, ಅಲ್ಲಿ ಮೀಸೆ ಎಲ್ಲಿದೆ? ಅವರು ಬಾಗಿಲ ಕಡೆ ಬೆರಳು ತೋರಿಸಿದರು. ಹೊರಗೆ ಬೇವಿನ ಮರದ ಕೆಳಗೆ ನಿಂತೆ. ನನ್ನ ಹಸಿವಿನಿಂದ ಒಂದು ಮಗು ತಾಯಿಯನ್ನು ಬಿಟ್ಟು ಪರವೂರಿಗೆ ಹೋಗಬೇಕಾಯಿತಲ್ಲ ಎಂದು ಕಣ್ಣಲ್ಲಿ ನೀರು ಬಂತು. ಒಳಗಿನಿಂದ ಅವಳ ದನಿ ಕೇಳುತ್ತಿತ್ತು. ವಾತಾಪಿ, ಐಹೊಳೆ, ಪಟ್ಟದಕಲ್ಲು, ಪುಲಿಕೇಶಿ. ಯಾರ ತುಟಿಯ ನೆರವೂ ಇಲ್ಲದೆ ಎಲ್ಲವೂ ಸರಿ. ಆಮೇಲೆ ಕೇಳಿದರೆ, ಅವಳಿಗೆ ಮೊದಲಿನ ಮೂರೂ ಉತ್ತರ ಬರುತ್ತಿದ್ದವಂತೆ, ಸರ್ ಪಾಪ ಅಷ್ಟು ಕಷ್ಟಪಟ್ಟು ಹೇಳುತ್ತಿದ್ದಾರೆ ಎಂದು ನನ್ನ ಮನಸ್ಸು ಮುರಿಯಬಾರದೆಂದು ನನ್ನ ತುಟಿ ಆಡಿದಂತೆಯೇ ಹೇಳಿದ್ದಳಂತೆ. ಅದೇ ದಾಕ್ಷಿಣ್ಯದಿಂದ ಹುಗ್ಗಿಯನ್ನೂ ಹೇಳಿದ್ದಳು.

ಸಾಹೇಬರು ಹೊರಗೆ ಬಂದರು. “ಹುಡುಗಿ ಇಲ್ಲೇ ಇರ್ಲಿ ಮಾಸ್ತರ. ಮುಂದಿನ ಸಲ ನಾ ಬಂದಾಗ ನೀವು ಬಾಯಿಗೆ ಕರ್ಚೀಫ ಕಟ್ಕೋರಿ. ಈಗ ನಡೀರಿ, ಹುಗ್ಗಿ ಆರತದ.”

ರೇಣುಕಾ ಹತ್ತನೆಯದನ್ನು ಮೊದಲ ದರ್ಜೆಯಲ್ಲಿ ಮುಗಿಸಿ ಕಾಲೇಜಿಗೆ ಹೋದಳು. ನಾನು ಆ ಬೇಸಿಗೆ ರಜೆಯಲ್ಲೇ ಮತ್ತೆ ಮೀಸೆ ಬೆಳೆಸಿದೆ. ಜೂನಿನಲ್ಲಿ ಬಂದ ಹೊಸ ವರ್ಗದಲ್ಲಿ ನಲವತ್ತಾರು ಮಕ್ಕಳಿಗೆ ತೊಂಬತ್ತೆರಡು ಗಟ್ಟಿ ಕಿವಿಗಳು. ನಾನು ನಿಶ್ಚಿಂತೆಯಿಂದ ಹಲಗೆಯ ಕಡೆ ತಿರುಗಿ ಗೊಣಗತೊಡಗಿದೆ. ಮೊದಲ ಪರೀಕ್ಷೆಯಲ್ಲಿ ಅರ್ಧ ವರ್ಗ ಮುಗ್ಗರಿಸಿತು. ನಾನು ಬೈಯಲು ಬಾಯಿ ತೆರೆದಾಗ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತಳು.

“ಸರ್, ರೇಣುಕಾ ಅಕ್ಕಾ ಇದ್ದಾಗ ನೀವು ಭಾಳ ಛಲೋ ತಿಳಿಸಿ ಹೇಳ್ತಿದ್ರಂತ. ನಮಗೂ ಒಂದ್ ಸ್ವಲ್ಪ ಮೀಸಿ ತಗೀತೀರೇನ್ರಿ?”

ಅವತ್ತೇ ಸಂಜೆ ಫಕೀರಪ್ಪನ ಕುರ್ಚಿಯಲ್ಲಿ ಹೋಗಿ ಕುಳಿತೆ. ಅವನು ಕತ್ತಿಗೆ ಸಾಣೆ ಹಿಡಿಯುತ್ತ, ಈ ವರ್ಷವೂ ಶಾಲೆಗೆ ವಿಶೇಷ ಅಗತ್ಯದವರು ಯಾರಾದರೂ ಬಂದಿದ್ದಾರೆಯೇ ಎಂದು ಮರುಕದಿಂದ ವಿಚಾರಿಸಿದ.

“ಹುಡುಗೂರೆಲ್ಲಾ ಛಲೋ ಅದಾರೋ ಫಕೀರಪ್ಪಾ,” ಎಂದೆ. “ಅಂಥಾಂವ ಒಬ್ಬನ ಅದಾನ. ಅವನ ಮೀಸೀನ ನೀ ಈಗ ತಗೀಯಾಕತ್ತೀದಿ, ಸಾವಕಾಶ ತಗಿ.”