ಮುಂದಿನ ಮಾಡೆಲಿನ ಹಿಂದಿನ ಸೀಟು

ಕೋಮಲ: ಅಂದ್ರೆ, ಕಂಪ್ನಿಯೋರೇ ಮನೆ ಬಾಗ್ಲಿಗೆ ಬಂದು ‘ಏನ್ ಸರಿ ಮಾಡ್ಬೇಕು ಯೋಳಿ’ ಅಂದ್ರೂ ನೀವು ಇಂದ್ಲ ಸೀಟಿನ ಮಾತು ಎತ್ತಲ್ಲ?

ಬಸವಕುಮಾರ್: ಸೀಟಿನ ಮಾತು ಎತ್ತೋರು ಮೊಪೆಡ್ಡು ತಕ್ಕಳೋರು ಕಣಮ್ಮಿ. ಇದು ಸ್ಪೋರ್ಟ್ ಟೂರಿಂಗ್ ಬೈಕು. ಇದ್ರಲ್ಲಿ ಕೇಳ್ಬೇಕಾದ್ದು ಕ್ರೂಸ್ ಕಂಟ್ರೋಲು, ದೊಡ್ಡ ವಿಂಡ್‌ಸ್ಕ್ರೀನು, ಅಂಥವು.

ಕೋಮಲ: ಕುಂತ್ಕಳಕ್ಕೆ ಜಾಗ?

ಬಸವಕುಮಾರ್: ಅದ್ಯಲ್ಲ!

ಕೋಮಲ: ಅದೆ, ಅಂಗೈಯಗಲ. ಒಂದು ತೆಂಗಿನಕಾಯಿ ಮಡುಗುದ್ರೂ ಅದು ಭಯಕ್ಕೆ ತಾನಾಗೇ ಉಳ್ಳೋಯ್ತದೆ.

ಇದು ನಡೆಯುತ್ತಿರುವುದು ಕುಂತೂರಿನಲ್ಲಿ, ಕಬ್ಬು ಬೆಳೆಯುವ ಬಸವಕುಮಾರನ ಮನೆ ಜಗಲಿಯಲ್ಲಿ. ಅಂಗಳದಲ್ಲಿ ಬೈಕು ನಿಂತಿದೆ. ಕೊಟ್ಟಿಗೆಯ ಎಮ್ಮೆಗಿಲ್ಲದ ಹೊದಿಕೆ ಅದಕ್ಕಿದೆ. ಭಾನುವಾರ ಬಂತೆಂದರೆ ಯಜಮಾನರು ಹೊದಿಕೆ ಕಳಚಿ, ಜಾಕೆಟ್ಟು ಗ್ಲೌಸು ಏರಿಸಿ, ಚಂದ್ರಲೋಕಕ್ಕೆ ಹೊರಟವರ ಗತ್ತಿನಲ್ಲಿ ಒಬ್ಬರೇ ಹೊರಡುತ್ತಾರೆ.

ಮದುವೆಯಾದ ಮೂರು ವರ್ಷದಿಂದ ಕೋಮಲಳದು ಒಂದೇ ಆಸೆ. ಆ ಬೈಕಿನ ಹಿಂದೆ ಕೂತು ಗೋಪಿನಾಥಂ ದಾಟಿ ಹೊಗೇನಕಲ್‌ವರೆಗೆ ಒಮ್ಮೆ ಹೋಗಿ ಬರಬೇಕು. ಬಸವಕುಮಾರನದೂ ಒಂದೇ ಉತ್ತರ: ಈ ಮಾಡೆಲಿನಲ್ಲಿ ಹಿಂದಿನ ಸೀಟು ಸರಿಯಿಲ್ಲ, ಮುಂದಿನ ಮಾಡೆಲ್ ಬರಲಿ. ಈಗ ಮುಂದಿನ ಮಾಡೆಲ್ ಬರುವ ಕಾಲ ಬಂದಿದೆ. ಅದು ಹೇಗಿರಬೇಕೆಂದು ಸವಾರರನ್ನೇ ಕೇಳಲು ಕಂಪನಿಯ ಹುಡುಗಿಯೊಬ್ಬಳು ಮೈಸೂರಿನಿಂದ ಬರುತ್ತಿದ್ದಾಳೆ. ಯಜಮಾನರ ಮುಖದಲ್ಲಿ ಮಾತ್ರ ಅದಕ್ಕೆ ತಕ್ಕ ಸಂತೋಷವಿಲ್ಲ.

ಜಗಲಿಯ ಕಂಬದ ಪಕ್ಕ ಬಸವಕುಮಾರನ ತಾಯಿ ಶಿವರತ್ನಮ್ಮ ಕಪ್ಪು ಮೆತ್ತೆಯೊಂದರ ಮೇಲೆ ಕೂತು ಈಳಿಗೆಮಣೆಯಲ್ಲಿ ದಂಟಿನ ಸೊಪ್ಪು ಹೆಚ್ಚುತ್ತಿದ್ದಾರೆ.

ಬಸವಕುಮಾರ್: ಅವ್ವ, ನೀ ಒಳಕ್ಕೋಗು. ಬಿಸ್ಲು.

ಶಿವರತ್ನಮ್ಮ: ಜಗಲೀಲಿ ಎಲ್ಲಿದ್ದಾತ್ಲಾ ಬಿಸ್ಲು?

ಬಸವಕುಮಾರ್: ಗಾಳಿ ಬೀಸ್ತಾ ಅದೆ.

ಶಿವರತ್ನಮ್ಮ: ಗಾಳಿ ಬೀಸ್ಲಿ ಅಂತ್ಲೇ ಕುಂತಿವ್ನಿ.

ಬಸವಕುಮಾರ್: ಆ ಮೆತ್ತೆನಾದ್ರೂ ಒಳಗೆ ಮಡುಗ್ತೀನಿ ಕೊಡು. ಕೊಳೆಯಾಯ್ತದೆ.

ಶಿವರತ್ನಮ್ಮ: ಇಷ್ಟ್ ದಿನ ಇಲ್ದ ಕೊಳೆ ಇವತ್ತು ಬಸ್ ಅತ್ಕಂಡು ಬಂದದಾ? ಸೊಂಟನೋವಿಗೆ ಅಂತ ನೀ ಮೈಸೂರಿಂದ ತಂದ್ಕೊಟ್ಟಿದ್ದು ಇದೊಂದೇ ಕಣ್ಲಾ. ಕೆಳಗೆ ಅದೊಂದು ಕಬ್ಬಿಣದ ಕೊಕ್ಕೆ ನೆಲ ಕೀರ್ತದೆ, ಅದ್ಕೇ ಗೋಣಿತಾಟು ಆಸಿವ್ನಿ. ಕೊಕ್ಕೆ ಒಂದು ಬುಟ್ರೆ ಮೆತ್ತೆ ಬಂಗಾರ.

ಅಷ್ಟರಲ್ಲಿ ಅಂಗಳಕ್ಕೆ ಅದೇ ಮಾಡೆಲಿನ ಇನ್ನೊಂದು ಬೈಕು ಬಂದು ನಿಂತಿತು. ಹೆಲ್ಮೆಟ್ ತೆಗೆದಾಗ ಒಳಗಿಂದ ಎತ್ತರದ ಹುಡುಗಿಯೊಬ್ಬಳ ನಗುಮುಖ ಹೊರಬಂತು.

ದೀಪಶ್ರೀ: ನಮಸ್ಕಾರ ಸರ್. ನಾನು ದೀಪಶ್ರೀ, ಕಂಪನಿಯಿಂದ. ಲೇಟಾಯ್ತು, ಕ್ಷಮಿಸಿ. ಇಲ್ಲಿಂದ ಬೆಟ್ಟದ ಘಾಟ್ ಹತ್ತಿ ಹೊಗೇನಕಲ್‌ವರೆಗೆ ಗಾಡಿ ಓಡಿಸಿ ನೋಡೋ ಕೆಲಸಾನೂ ಇದೆ. ಹಿಂದೆ ಕೂರಬೇಕಾದ ಹುಡುಗನಿಗೆ ಜ್ವರ, ಅವನ ಹೆಲ್ಮೆಟ್ ಮಾತ್ರ ಬಂದಿದೆ. ಇರಲಿ, ಹೇಳಿ. ಮುಂದಿನ ಮಾಡೆಲಲ್ಲಿ ಏನು ಸರಿಯಾಗಬೇಕು? ಮುಲಾಜು ಬೇಡ.

ಬಸವಕುಮಾರ್: ಮೊದ್ಲು ಕ್ರೂಸ್ ಕಂಟ್ರೋಲ್ ಮೇಡಂ. ಒಂದೇ ಸ್ಪೀಡಿಗೆ ಇಟ್ಬುಟ್ರೆ ಗಾಡಿ ಅದ್ರ ಪಾಡಿಗೆ ಓಯ್ತಾ ಇರ್ಬೇಕು.

ಕೋಮಲ: ಈಗ್ಲೂ ಅಂಗೇ ಅಲ್ವಾ ಓಗೋದು? ಮುಂದ್ಗಡೆ ಕಬ್ಬಿನ ಟ್ರ್ಯಾಕ್ಟ್ರು, ಇಂದ್ಗಡೆ ನೀವು. ಫ್ಯಾಕ್ಟ್ರಿ ಗೇಟ್‌ಗಂಟ ಒಂದೇ ಸ್ಪೀಡು.

ಬಸವಕುಮಾರ್: ಆಮೇಲೆ ವಿಂಡ್‌ಸ್ಕ್ರೀನು. ನೂರು ದಾಟುದ್ರೆ ಗಾಳಿ ಎಲ್ಮೆಟ್ಟಿಗೆ ರಪ್ಪಂತ ಬಡೀತದೆ.

ಕೋಮಲ: ನೂರು ಯಾವ್ ರೋಡಲ್ಲಿ ದಾಟುದ್ರಿ? ಕೊಳ್ಳೇಗಾಲ್ದಿಂದ ಹನೂರ್‌ಗಂಟ ಹಂಪುಗಳ ಮಧ್ಯೆ ರೋಡು ಉಡುಕ್ಬೇಕು.

ಬಸವಕುಮಾರ್: ನೀನು ಸುಮ್ಕಿರಮ್ಮಿ, ಅವ್ರು ರೈಡರ್‌ನ ಕೇಳ್ತಾವ್ರೆ. ಮೇಡಂ, ಪೆಟ್ರೋಲ್ ಟ್ಯಾಂಕೂ ದೊಡ್ದಾಗ್ಬೇಕು. ನಮ್ಮದೆಲ್ಲ ಲಾಂಗ್ ರೈಡು. ಗೋಪಿನಾಥಂ, ಆ ಕಡೆ.

ಕೋಮಲ: ಗೋಪಿನಾಥಂಗೆ ಓದೋರ ಜಾಕೆಟ್ ಮೇಲೆ ಒಡೆಯರಪಾಳ್ಯದ ಟಿಬೆಟ್ಟೋರ ಮೊಮೊ ಚಟ್ನಿ ಎಂಗ್ ಬತ್ತದೆ? ಪ್ರತಿ ವಾರ ಒಗೆಯೋಳು ನಾನು. ಹನೂರು ದಾಟಿ ಮೊಮೊ ತಿಂದು ಬರಕ್ಕೆ ಟ್ಯಾಂಕು ಯಾಕೆ ದೊಡ್ದಾಗ್ಬೇಕು, ಒಟ್ಟೆ ದೊಡ್ದಾದ್ರೆ ಸಾಕು.

ದೀಪಶ್ರೀ: (ನಗು ತಡೆದುಕೊಂಡು) ಇಂಜಿನ್ ಬಿಸಿ ಕಾಲಿಗೆ ಬಡಿಯುತ್ತೆ ಅಂತ ತುಂಬಾ ಜನ ಹೇಳಿದ್ರು.

ಶಿವರತ್ನಮ್ಮ: ಅದ ಮಾತ್ರ ಸರಿ ಮಾಡ್ಬ್ಯಾಡಿ ಕಣ್ ತಾಯಿ. ಚಳಿಗಾಲ್ದಲ್ಲಿ ನಮ್ಮ ಬೆಕ್ಕು ಅದ್ರಡೀಲೇ ಮನೀಕಳದು. ಈ ಗಾಡಿಯಿಂದ ಮನೇಲಿ ಉಪ್ಕಾರ ಆಗಿರದು ಅದೊಂದ್ಕೇಯ.

ಬಸವಕುಮಾರ್: ಅವ್ವ, ನೀ ಇನ್ನೂ ಒಳಕ್ಕೋಗಿಲ್ವಾ?

ದೀಪಶ್ರೀ: ಸವಾರನ ಸೀಟು ತುಂಬಾ ಎತ್ತರ, ಕುಳ್ಳಗಿರೋರಿಗೆ ಕಷ್ಟ ಅನ್ನೋ ದೂರೂ ಇದೆ. ಇಳಿಸೋಣ ಅಂತಿದ್ದೀವಿ.

ಬಸವಕುಮಾರ್: ದಮ್ಮಯ್ಯ ಅಂತೀನಿ, ಇಳಿಸ್ಬ್ಯಾಡಿ! ಆ ಎತ್ರದಿಂದ್ಲೇ ನನ್ ಗಾಡಿ ಉಳ್ಕಂಡಿರದು. ನಮ್ಮೂರಲ್ಲಿ ಗಾಡಿ ಅಂದ್ರೆ ಸೌದೆ ಒಡೆಯೋ ಕೊಡ್ಲಿ ಇದ್ದಂಗೆ, ಕೇಳ್ದೋರಿಗೆ ಕೊಡ್ಬೇಕು. ಇಲ್ಲ ಅಂದ್ರೆ ‘ನೋಡ್ದಾ ಅವ್ನ ದವಲತ್ತ’ ಅಂತಾರೆ. ನಮ್ಮ ದೊಡ್ಡಪ್ಪನ ಮಗ ಸಿದ್ದಮಲ್ಲಪ್ಪ ಬಂದು ಕೇಳ್ದ. ‘ತಕಂಡೋಗಣ್ಣ, ಬ್ಯಾಡ ಅಂದೋರ್ಯಾರು, ಕಾಲು ನೆಲಕ್ಕೆ ಎಟುಕುದ್ರೆ ಯಾರಿಗಾದ್ರೂ ಕೊಟ್ಟೇನು’ ಅಂದೆ. ಅತ್ತಿ ಕುಂತ. ಕಾಲು ಗಾಳೀಲಿ ಜೋತಾಡ್ತು. ಅವ್ನೇ ಇಳ್ದು ನಡ್ಕಂಡೋದ. ಕೊಟ್ಟ ಪುಣ್ಯ ನಂಗೆ, ಗಾಡಿಗೆ ಒಂದು ಗೀರಿಲ್ಲ.

ಕೋಮಲ: ಕೇಳುದ್ರಾ ಮೇಡಂ? ಮುಂದ್ಲ ಸೀಟು ಎತ್ರ ಇದ್ರೆ ಅಣ್ಣ ದೂರ. ಇಂದ್ಲ ಸೀಟು ಸಣ್ಣ ಇದ್ರೆ ಎಂಡ್ತಿ ದೂರ. ನಿಮ್ ಕಂಪ್ನಿ ಗಾಡಿ ಮಾಡಿಲ್ಲ, ಬೇಲಿ ಮಾಡ್ಯದೆ.

ದೀಪಶ್ರೀ: ಹಿಂದಿನ ಸೀಟಲ್ಲಿ ನೀವು ಕೂತಿದ್ದೀರಾ?

ಕೋಮಲ: ಒಂದ್ಸಲ. ಯಳಂದೂರಿಗೆ, ನಮ್ಮವ್ವನ ಮನೆಗೆ. ಕೊಳ್ಳೇಗಾಲ ಬರೋಷ್ಟ್ರಲ್ಲಿ ಇಳ್ದು ಬಸ್ ಅತ್ತುದೆ. ಇವ್ರು ಬಸ್ಸಿನ ಪಕ್ಕಕ್ಕೇ ಬಂದು, ಕಿಟಕೀಲಿದ್ದ ನಂಗೆ ‘ಈಗ ಮೈಲೇಜು ಚೆನ್ನಾಗಿ ಬತ್ತಾ ಅದೆ’ ಅಂತ ಎಬ್ಬೆಟ್ಟು ತೋರುಸ್ತಿದ್ರು.

ದೀಪಶ್ರೀ: ಆದ್ರೆ ಸರ್, ನೀವು ಮೊದಲು ಬುಕ್ ಮಾಡಿದವರಲ್ಲೊಬ್ಬರು ಅಲ್ವಾ? ಅವರಿಗೆಲ್ಲ ಕಂಪನಿ...

ಬಸವಕುಮಾರ್: ಹೆಡ್‌ಲೈಟು! ಹೆಡ್‌ಲೈಟಿನ ಇಸ್ಯಾನೇ ಮರ್ತೆ ಮೇಡಂ! ಕೋಮಲ, ಅವ್ರಿಗೆ ಕಾಪಿ ತತ್ತಾ ಓಗು.

ಕೋಮಲ: ಹಾಲಿಲ್ಲ.

ಕೊಟ್ಟಿಗೆಯ ಎಮ್ಮೆ ಜೋರಾಗಿ ಕೂಗಿ ಅದನ್ನು ಸುಳ್ಳೆಂದಿತು. ಕೋಮಲ ಕದಲಲಿಲ್ಲ.

ಕೋಮಲ: ಕಂಪ್ನಿ ಏನ್ ಮಾಡ್ತು ಮೇಡಂ?

ದೀಪಶ್ರೀ: ದೂರದ ಪ್ರಯಾಣಕ್ಕೆ ಅಂತ ಅಗಲವಾದ ಹಿಂದಿನ ಸೀಟು ಉಚಿತವಾಗಿ ಕೊಟ್ಟಿತ್ತು. ಇದನ್ನ ತೆಗೆದು ಅದನ್ನ ಹಾಕ್ಕೊಳ್ಳೋದು ಒಂದು ನಿಮಿಷದ ಕೆಲಸ.

ಸೊಪ್ಪು ಹೆಚ್ಚುವ ಸದ್ದು ನಿಂತಿತು.

ಬಸವಕುಮಾರ್: ನಂಗೆ ಬರ್ಲಿಲ್ಲ. ದಾರೀಲಿ ಎಲ್ಲೋ ಬಿದ್ದೋಗಿರ್ಬೇಕು.

ದೀಪಶ್ರೀ: ಇಲ್ಲ ಸರ್, ಶೋರೂಮಲ್ಲೇ ಕೈಗೆ ಕೊಟ್ಟಿದ್ದು. ಕಪ್ಪು ಬಣ್ಣ, ಕೆಂಪು ದಾರದ ಹೊಲಿಗೆ. ಕೆಳಗಡೆ ಒಂದು ಕಬ್ಬಿಣದ ಕೊಕ್ಕೆ ಇರುತ್ತೆ.

ಶಿವರತ್ನಮ್ಮ: (ನಿಧಾನಕ್ಕೆ) ಕೊಕ್ಕೆ ಮಧ್ಯಕ್ಕಿರ್ತದವ್ವ, ತುದೀಲಿರ್ತದಾ?

ದೀಪಶ್ರೀ: ತುದೀಲಿ.

ಶಿವರತ್ನಮ್ಮ ಕಂಬ ಹಿಡಿದು ಎದ್ದು ನಿಂತರು. ಜಗಲಿಯ ಮೇಲೆ ಗೋಣಿತಾಟು, ಅದರ ಮೇಲೆ ಕೆಂಪು ಹೊಲಿಗೆಯ ಕಪ್ಪು ಸೀಟು. ಅತ್ತೆ, ಸೊಸೆ, ಕಂಪನಿ, ಮೂವರೂ ಅದನ್ನು ನೋಡಿದರು. ಬಸವಕುಮಾರ್ ಮಾತ್ರ ಎಮ್ಮೆಯನ್ನು ನೋಡುತ್ತಿದ್ದ.

ಶಿವರತ್ನಮ್ಮ: ಲೇ, ಮೈಸೂರು ಡಾಕ್ಟ್ರು ಕೊಟ್ಟ ಮೆತ್ತೆ ಅಂದ್ಯಲ್ಲಾ! ‘ಮಗ ಅಂದ್ರೆ ಇಂಗಿರ್ಬೇಕು’ ಅಂತ ಬೀದಿಗೆಲ್ಲ ಯೋಳ್ಕಂಡು ಬಂದಿವ್ನಲ್ಲಾ ನಾನು!

ಬಸವಕುಮಾರ್: ಸೊಂಟನೋವು ವಾಸಿ ಆಯ್ತೋ ಇಲ್ವೋ?

ಶಿವರತ್ನಮ್ಮ: ಆಯ್ತು.

ಬಸವಕುಮಾರ್: ಮತ್ತೆ!

ಕೋಮಲ ನಗುತ್ತಾಳೆ, ಇಲ್ಲವೇ ಕೂಗಾಡುತ್ತಾಳೆ ಎಂದುಕೊಂಡಿದ್ದರು ಎಲ್ಲರೂ. ಎರಡೂ ಆಗಲಿಲ್ಲ.

ಕೋಮಲ: ಸೀಟು ಇಲ್ಲ ಅಂತ್ಲೇ ನಂಬಿದ್ದೆ ಕಣ್ರಿ. ಇದ್ದುದ್ದ ಇಲ್ಲ ಅಂದ್ರಲ್ಲ, ಅದಕ್ಕೆ ಒಟ್ಟೆ ಉರೀತದೆ. ‘ನಿನ್ನ ಕರ್ಕಂಡೋಗಕ್ಕೆ ಇಷ್ಟ ಇಲ್ಲ’ ಅಂದಿದ್ರೆ ಒಂದಿನ ಅತ್ತು ಸುಮ್ಕಾಯ್ತಿದ್ದೆ.

ಬಸವಕುಮಾರ್: ಅಂಗಲ್ಲ ಕಣಮ್ಮಿ. ವಾರಕ್ಕೊಂದಿನ ತಲೆಗೆ ಗಾಳಿ ಆಡ್ಲಿ, ಯಾರೂ ಮಾತಾಡಿಸ್ದಂಗೆ ಇರಾನ ಅಂತ...

ಕೋಮಲ: ನನ್ ತಲೆಗೆ ಗಾಳಿ ಬ್ಯಾಡ್ವಾ?

ಬಸವಕುಮಾರ್ ತಲೆ ಕೆರೆದುಕೊಂಡ. ಕ್ರೂಸ್ ಕಂಟ್ರೋಲಿನ ಹಾಗೆ ಸುಲಭದ ವಿಷಯವಲ್ಲ ಅದು. ಕೋಮಲ ಕಣ್ಣೊರೆಸಿಕೊಂಡು ದೀಪಶ್ರೀ ಕಡೆ ತಿರುಗಿದಳು.

ಕೋಮಲ: ಮೇಡಂ, ನಮ್ ಗಾಡೀಲಿ ಕುಂತ್ರೆ ನಿಮ್ ಕಾಲು ನೆಲಕ್ಕೆ ಎಟುಕ್ತದಾ?

ದೀಪಶ್ರೀ: ಎಟುಕುತ್ತೆ, ಚೆನ್ನಾಗೇ ಎಟುಕುತ್ತೆ.

ಕೋಮಲ: ಅಂಗಾರೆ ಗಾಡಿ ಕೇಳಿ. ಕಾಲು ಎಟುಕುದ್ರೆ ಯಾರಿಗಾದ್ರೂ ಕೊಡ್ತಾರಂತೆ ಇವ್ರು. ನಿಮ್ಗೆ ಇಂದೆ ಕುಂತ್ಕಳಕ್ಕೆ ಜನ ಬೇಕು. ನಂಗೆ ಹೊಗೇನಕಲ್ಲು ಬೇಕು.

ದೀಪಶ್ರೀ: ಒಳ್ಳೇದೇ ಆಯ್ತು! ಮೂರು ವರ್ಷ ಓಡಿದ ಗಾಡಿ, ಮೂರು ವರ್ಷ ಕೂತ ಸೀಟು. ಇದಕ್ಕಿಂತ ಒಳ್ಳೆ ಪರೀಕ್ಷೆ ಎಲ್ಲಿ ಸಿಗುತ್ತೆ? ಸರ್, ಗಾಡಿ ಕೊಡ್ತೀರಾ?

ಬಸವಕುಮಾರ್: ಅದೂ... ಇವತ್ತು ಚೈನು...

ಶಿವರತ್ನಮ್ಮ: ನೋಡ್ದಾ ಇವ್ನ ದವಲತ್ತ!

ಬೀಗದ ಕೈ ಜೇಬಿನಿಂದ ಹೊರಬಂತು. ದೀಪಶ್ರೀ ಅಂಗೈಯಗಲದ ಸೀಟನ್ನು ಕಿತ್ತು, ಶಿವರತ್ನಮ್ಮನ ಮೆತ್ತೆಯನ್ನು ಅಲ್ಲಿಟ್ಟು ಒತ್ತಿದಳು. ಕೊಕ್ಕೆ ಟಕ್ಕೆಂದು ಕೂತಿತು. ಒಳಗೆ ಹೋದ ಕೋಮಲ ನೀಲಿ ಚೂಡಿದಾರ ಹಾಕಿಕೊಂಡು ಬಂದಳು. ಈ ಪ್ರಯಾಣಕ್ಕೆಂದೇ ಮದುವೆಯಾದ ಹೊಸದರಲ್ಲಿ ಹೊಲಿಸಿದ್ದು ಅದು. ಬಸವಕುಮಾರನಿಗೆ ಅದು ನೆನಪಾಗಿ ತಲೆ ತಗ್ಗಿತು.

ಬಸವಕುಮಾರ್: (ಕಂಪನಿಯ ಬೈಕಿನ ಕಡೆ ನೋಡುತ್ತ) ನಾನೂ ಇದ್ರಲ್ಲಿ ಇಂದೇನೇ ಬಂದ್ಬುಡ್ಲಾ?

ದೀಪಶ್ರೀ ಆ ಬೈಕಿನ ಕೀಲಿಯನ್ನು ಜಾಕೆಟ್ಟಿಗೆ ಹಾಕಿ ಜಿಪ್ ಎಳೆದಳು.

ಕೋಮಲ: ಬ್ಯಾಡ ಬುಡಿ. ತಲೆಗೆ ಗಾಳಿ ಆಡ್ಲಿ, ಯಾರೂ ಮಾತಾಡಿಸ್ದಂಗೆ ಇರಾನ ಅಂತ.

ಜ್ವರದ ಹುಡುಗನ ಹೆಲ್ಮೆಟ್ಟು ಕೋಮಲಳ ತಲೆಗೇರಿತು. ಬಸವಕುಮಾರನ ಬೈಕು ಇಬ್ಬರನ್ನೂ ಹೊತ್ತು ಅಂಗಳ ದಾಟಿ, ಕಬ್ಬಿನ ಟ್ರ್ಯಾಕ್ಟರೊಂದನ್ನು ಹಿಂದೆ ಹಾಕಿ ಕೊಳ್ಳೇಗಾಲದ ಕಡೆ ಮಾಯವಾಯಿತು. ಶಿವರತ್ನಮ್ಮ ಕಿತ್ತಿಟ್ಟಿದ್ದ ಸಣ್ಣ ಸೀಟನ್ನು ತಂದು ಗೋಣಿತಾಟಿನ ಮೇಲೆ ಇಟ್ಟರು.

ಶಿವರತ್ನಮ್ಮ: ಕುಂತ್ಕ. ಇದ್ರ ಮೇಲೆ ಕುಂತ್ರೆ ನನ್ ಸೊಂಟ ಉಳಿಯಕ್ಕಿಲ್ಲ. ಸೊಪ್ಪು ಅರ್ಧ ಅಂಗೇ ಅದೆ.

ಬಸವಕುಮಾರ್ ಕೂತ. ಎಡಕ್ಕೆ ಜಾರಿದ, ಬಲಕ್ಕೆ ಜಾರಿದ. ಒಂದು ದಂಟು ಹೆಚ್ಚುವಷ್ಟರಲ್ಲಿ ಅವನ ಸೊಂಟ ಹಿಡಿದುಕೊಂಡಿತು.

ಬಸವಕುಮಾರ್: ಅವ್ವ, ಇದ್ರಲ್ಲಿ ಮನ್ಸ ಕುಂತ್ಕಳಕ್ಕಾಗಲ್ಲ ಕಣವ್ವ!

ಶಿವರತ್ನಮ್ಮ: ತಡ್ಕ ಮಗ. ಮುಂದ್ಲ ಮಾಡೆಲ್ ಬರ್ಲಿ.